ಕಾರ್ಬನ್ ಪ್ಲೇಟಿನ ಶೂ: ಯಾರ ಕಾಲಿಗೆ, ಯಾವ ವೇಗಕ್ಕೆ?

2021ರ ಸೆಪ್ಟೆಂಬರ್‌ನಲ್ಲಿ ನಡೆದ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲು ಗುರಿ ಮುಟ್ಟಿದವರು ಇಥಿಯೋಪಿಯಾದ ದೆರಾರಾ ಹುರಿಸಾ. ಎರಡನೆಯವರಾಗಿ ಬಂದ ಕೀನ್ಯಾದ ಲಿಯೊನಾರ್ಡ್ ಲಂಗಾಟ್, ಹುರಿಸಾ ಅವರಿಗಿಂತ ಮೂರೇ ಸೆಕೆಂಡ್ ಹಿಂದಿದ್ದರು. ಆದರೆ ಹುರಿಸಾ ಅನರ್ಹರೆಂದು ಘೋಷಣೆಯಾಗಿ ಗೆಲುವು ಲಂಗಾಟ್ ಪಾಲಾಯಿತು. ಹುರಿಸಾ ತೊಟ್ಟಿದ್ದ ಶೂವಿನ ಅಡಿ 5 ಸೆಂ.ಮೀ. ದಪ್ಪವಿತ್ತು; ನಿಯಮ ಒಪ್ಪುವುದು 4 ಸೆಂ.ಮೀ. ಮಾತ್ರ. ಅಡಿಡಾಸ್ ಕಂಪನಿಯ ಆ ಅಡಿಜೀರೊ ಪ್ರೈಮ್ ಎಕ್ಸ್ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಶೂ. ಅಭ್ಯಾಸಕ್ಕೆ ತೊಡಲು ಅಡ್ಡಿಯಿಲ್ಲ, ಸ್ಪರ್ಧೆಗೆ ಮಾತ್ರ ಸಲ್ಲದು.

ಗಣ್ಯ ಓಟಗಾರರಿಗೆ ಈ ಗೆರೆಯನ್ನು ನಿಯಮಪುಸ್ತಕ ಎಳೆದುಕೊಡುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ಬೆಳಿಗ್ಗೆ ಓಡಿ ಕೆಲಸಕ್ಕೆ ಹೋಗುವವರು ಅದನ್ನು ತಾವೇ ಎಳೆದುಕೊಳ್ಳಬೇಕು. ಕಾರ್ಬನ್ ಪ್ಲೇಟ್ ಇರುವ ರೋಡ್ ಶೂ ಕೆಲವೇ ವರ್ಷಗಳ ಹಿಂದೆ ಒಲಿಂಪಿಕ್ಸ್ ಪದಕ ವಿಜೇತರ ಕಾಲಲ್ಲಷ್ಟೇ ಕಾಣುತ್ತಿತ್ತು. ಇಂದು ಮೊದಲ 10ಕೆ ಓಡುವವರ ಕಾಲಲ್ಲೂ ಇದೆ. ಹತ್ತು ಸಾವಿರ ರೂಪಾಯಿ ದಾಟಿ ಇಪ್ಪತ್ತು ಸಾವಿರದ ಆಚೆಗೂ ಹೋಗುವ ಈ ವಸ್ತುವನ್ನು ಹೇಗೆ ತೂಗಿ ನೋಡಬೇಕು? ವೇಗದ ಅಭ್ಯಾಸಕ್ಕೂ ಸ್ಪರ್ಧೆಯ ದಿನಕ್ಕೂ ಒಂದೇ ಜೋಡಿ ಸಾಕೇ? ಪ್ರಯೋಗಾಲಯದ ಅಂಕಿಗಳು ನಮ್ಮ ರಸ್ತೆಗೆ, ನಮ್ಮ ವೇಗಕ್ಕೆ ಎಷ್ಟು ಅನ್ವಯಿಸುತ್ತವೆ? ಈ ಪ್ರಶ್ನೆಗಳ ಸುತ್ತ ಕಳೆದ ಕೆಲವು ವರ್ಷಗಳಲ್ಲಿ ಸಾಕಷ್ಟು ಗಟ್ಟಿ ಅಧ್ಯಯನ ನಡೆದಿದೆ. ಅದು ಕೊಡುವ ಉತ್ತರ ಜಾಹೀರಾತಿನ ಉತ್ತರಕ್ಕಿಂತ ಬಹಳ ಬೇರೆ.

2016ರ ರಿಯೊ ಒಲಿಂಪಿಕ್ಸ್‌ನ ಪುರುಷರ ಮ್ಯಾರಥಾನ್‌ನಲ್ಲಿ ಎಲಿಯುಡ್ ಕಿಪ್ಚೋಗೆ, ಫೆಯಿಸಾ ಲಿಲೆಸಾ, ಗೇಲನ್ ರಪ್ ಮೂರೂ ಪದಕ ಗೆದ್ದರು. ಮೂವರೂ ತೊಟ್ಟಿದ್ದು ಆಗಿನ್ನೂ ಮಾರುಕಟ್ಟೆಗೆ ಬಾರದಿದ್ದ ನೈಕಿಯ ಒಂದು ಮಾದರಿ ಶೂ. ಮರುವರ್ಷ ಮೇ 6ರಂದು ಇಟಲಿಯ ಮೊಂಜಾ ಕಾರ್ ರೇಸ್ ಟ್ರ್ಯಾಕಿನಲ್ಲಿ ಎರಡು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವ ಯತ್ನ ನಡೆಯಿತು. ಕಿಪ್ಚೋಗೆ 2 ಗಂಟೆ 25 ಸೆಕೆಂಡಿಗೆ ಮುಗಿಸಿದರು. ಅದೇ ವರ್ಷ 'ವೇಪರ್‌ಫ್ಲೈ 4%' ಎಂಬ ಹೆಸರಿನಲ್ಲಿ ಆ ಬಗೆಯ ಶೂ ಅಂಗಡಿಗೆ ಬಂತು. ಹೆಸರಿನಲ್ಲೇ ಶೇಕಡಾವಾರು ಲಾಭವನ್ನು ಹೇಳಿಕೊಂಡು ಬಂದ ಶೂ ಅದು.

ಆ ನಾಲ್ಕರ ಮೂಲ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಪ್ರಯೋಗಾಲಯ. ವೌಟರ್ ಹೂಗ್‌ಕಾಮರ್, ರಾಜರ್ ಕ್ರಾಮ್ ಮತ್ತು ಸಂಗಡಿಗರು 18 ಮಂದಿ ಪಳಗಿದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಗಂಟೆಗೆ 14, 16, 18 ಕಿ.ಮೀ. ವೇಗದಲ್ಲಿ ಓಡಿಸಿದರು. ಮುಖಕ್ಕೆ ಹಾಕಿದ ಉಪಕರಣದಿಂದ ಅವರು ಸೇವಿಸಿದ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಅಳೆದು, ಒಂದೇ ವೇಗಕ್ಕೆ ಯಾವ ಶೂವಿನಲ್ಲಿ ದೇಹ ಎಷ್ಟು ಶಕ್ತಿ ವ್ಯಯಿಸುತ್ತದೆ ಎಂದು ಲೆಕ್ಕ ಹಾಕಿದರು. ತೂಕದ ವ್ಯತ್ಯಾಸ ಫಲಿತಾಂಶವನ್ನು ಕೆಡಿಸದಿರಲೆಂದು ಹಗುರ ಶೂಗಳಿಗೆ ಭಾರ ಸೇರಿಸಿ ಎಲ್ಲವನ್ನೂ ಸರಿದೂಗಿಸಿದ್ದರು. ಅಂದಿನ ಎರಡು ಹೆಸರಾಂತ ರೇಸಿಂಗ್ ಶೂಗಳಿಗೆ ಹೋಲಿಸಿದರೆ ಹೊಸ ಮಾದರಿಯಲ್ಲಿ ಸರಾಸರಿ ಶೇ 4ರಷ್ಟು ಶಕ್ತಿ ಉಳಿಯಿತು. ಅಧ್ಯಯನಕ್ಕೆ ಹಣ ಕೊಟ್ಟಿದ್ದು ನೈಕಿ, ಲೇಖಕರಲ್ಲಿ ಕೆಲವರು ಅದೇ ಕಂಪನಿಯವರು. ಹಾಗಿದ್ದರೂ ಆ ಫಲಿತಾಂಶ ಆಮೇಲೆ ಬೇರೆಯವರ ಪರೀಕ್ಷೆಗಳಲ್ಲೂ ಬಹುಮಟ್ಟಿಗೆ ನಿಂತಿತು.

ಆದರೆ ಒಂದು ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿಲ್ಲ. ಆ 18 ಮಂದಿಯಲ್ಲಿ ಲಾಭ ಶೇ 1.6ರಿಂದ ಶೇ 6.3ರವರೆಗೆ ಹರಡಿತ್ತು. ಶಕ್ತಿಯಲ್ಲಿ ಶೇ 4 ಉಳಿದರೆ ಸಮಯದಲ್ಲೂ ಶೇ 4 ಉಳಿಯುತ್ತದೆ ಎಂದುಕೊಳ್ಳುವುದೂ ತಪ್ಪು. ವೇಗ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚುತ್ತದೆ. ಅತಿ ವೇಗದ ಓಟಗಾರರಿಗೆ ಗಡಿಯಾರದಲ್ಲಿ ಸಿಗುವ ಲಾಭ ಶಕ್ತಿಯ ಲಾಭಕ್ಕಿಂತ ಕಡಿಮೆ ಎಂದು ಅದೇ ಗುಂಪಿನ ವಿಜ್ಞಾನಿಗಳು 2019ರಲ್ಲಿ ಲೆಕ್ಕ ಬಿಡಿಸಿ ತೋರಿಸಿದರು.

ಇನ್ನು ಪ್ಲೇಟಿನ ವಿಷಯ. ಶೂವಿಗೆ ಹೆಸರು ತಂದುಕೊಟ್ಟಿದ್ದು ಅದೇ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಅದರ ಬಗ್ಗೆಯೇ. ಕಾರ್ಬನ್ ಪ್ಲೇಟ್ ಸ್ಪ್ರಿಂಗಿನ ಹಾಗೆ ಓಟಗಾರನನ್ನು ಮುಂದಕ್ಕೆ ಚಿಮ್ಮಿಸುತ್ತದೆ ಎಂದು ಅಂಗಡಿಯವರೂ ಹೇಳುತ್ತಾರೆ, ಕೊಂಡವರೂ ನಂಬುತ್ತಾರೆ. ಲಾರಾ ಹೀಲಿ ಮತ್ತು ಹೂಗ್‌ಕಾಮರ್ ಇದನ್ನು ನೇರವಾಗಿ ಪರೀಕ್ಷಿಸಿದರು. ವೇಪರ್‌ಫ್ಲೈ ಶೂವಿನ ಮುಂಭಾಗದಲ್ಲಿ ಅಡ್ಡಡ್ಡ ಗರಗಸ ಹಾಕಿ ಪ್ಲೇಟನ್ನು ಹಲವೆಡೆ ಕತ್ತರಿಸಿ, ಅದರ ಬಿಗಿತ ಕಳೆದು, ಮತ್ತೆ ಓಡಿಸಿದರು. ಶಕ್ತಿಯ ಖರ್ಚು ಹೆಚ್ಚಾಗಿದ್ದು ಶೇ 1ಕ್ಕಿಂತಲೂ ಕಡಿಮೆ. ಅಂಕಿಅಂಶದ ದೃಷ್ಟಿಯಿಂದ ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣ ವ್ಯತ್ಯಾಸ.

ಹಾಗಾದರೆ ಉಳಿದ ಲಾಭ ಎಲ್ಲಿಂದ ಬಂತು? ಮುಖ್ಯವಾಗಿ ಫೋಮಿನಿಂದ. ಹಳೆಯ ಓಟದ ಶೂಗಳ ಮಿಡ್‌ಸೋಲ್ ಇವಿಎ ಎಂಬ ಫೋಮಿನದು. 2013ರಲ್ಲಿ ಅಡಿಡಾಸ್ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಮಣಿಗಳಿಂದ ಮಾಡಿದ 'ಬೂಸ್ಟ್' ತಂದಿತು. ವೇಪರ್‌ಫ್ಲೈ ಬಳಸಿದ್ದು ಪೆಬಾ ಎಂಬ, ತೀರ ಹಗುರವಾದ ಇನ್ನೊಂದು ಪ್ಲಾಸ್ಟಿಕ್. ಬೌಲ್ಡರ್ ಅಧ್ಯಯನದಲ್ಲಿ ಯಂತ್ರದಿಂದ ಒತ್ತಿ ನೋಡಿದಾಗ ಹೊಸ ಶೂ ತನ್ನೊಳಗೆ ಹೀರಿದ ಶಕ್ತಿಯಲ್ಲಿ ಶೇ 87ರಷ್ಟನ್ನು ಹಿಂದಿರುಗಿಸಿತು. ಬೂಸ್ಟ್ ಇದ್ದ ಶೂ ಶೇ 76ರಷ್ಟನ್ನು, ಹಳೆಯ ಇವಿಎ ಶೂ ಶೇ 66ರ ಆಸುಪಾಸನ್ನು ಹಿಂದಿರುಗಿಸಿದವು. ಹೊಸ ಶೂ ಅವೆರಡರ ಸುಮಾರು ಇಮ್ಮಡಿ ತಗ್ಗುತ್ತಿತ್ತು ಕೂಡ. ಹೆಚ್ಚು ಒತ್ತಿಕೊಳ್ಳುವುದು, ಒತ್ತಿದ್ದನ್ನು ಹೆಚ್ಚು ಹಿಂದಿರುಗಿಸುವುದು, ಇಷ್ಟಾದರೂ ಹಗುರವಾಗಿರುವುದು: ಈ ಮೂರೂ ಒಟ್ಟಿಗೆ ಸಿಕ್ಕಿದ್ದು ಅದೇ ಮೊದಲು. ಒಂದೊಂದು ಶೂವಿಗೆ 100 ಗ್ರಾಂ ಸೇರಿಸಿದರೆ ಓಟದ ಶಕ್ತಿವ್ಯಯ ಸುಮಾರು ಶೇ 1ರಷ್ಟು ಏರುತ್ತದೆ ಎಂಬುದು ಹಳೆಯ, ಗಟ್ಟಿಯಾದ ಲೆಕ್ಕ. ಇವಿಎ ಬಳಸಿ ಇಷ್ಟು ದಪ್ಪ ಅಡಿ ಮಾಡಿದ್ದರೆ ತೂಕವೇ ಲಾಭವನ್ನು ನುಂಗುತ್ತಿತ್ತು.

ಪ್ಲೇಟಿಗೂ ಕೆಲಸವಿದೆ. ಇಷ್ಟು ಮೆತ್ತನೆಯ, ಎತ್ತರದ ಫೋಮ್ ತನ್ನಷ್ಟಕ್ಕೆ ಓಲಾಡುತ್ತದೆ. ಪ್ಲೇಟ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಪಾದದ ಒತ್ತಡವನ್ನು ಫೋಮಿನ ಉದ್ದಕ್ಕೂ ಹಂಚುತ್ತದೆ, ಬೆರಳುಗಳ ಬುಡದ ಕೀಲು ಬಗ್ಗುವುದನ್ನು ಕಡಿಮೆ ಮಾಡುತ್ತದೆ. ಮುಂದಕ್ಕೆ ಬಾಗಿದ ಅದರ ಆಕಾರ ಹೆಜ್ಜೆಯನ್ನು ಉರುಳಿಸುತ್ತದೆ. ಶೂ ನೋಡುವಾಗ ಮೊದಲು ಕೇಳಬೇಕಾದದ್ದು ಫೋಮ್ ಯಾವುದು ಎಂದು. ಪ್ಲೇಟಿನ ಪ್ರಶ್ನೆ ಎರಡನೆಯದು.

ಈ ಮಾತಿಗೆ ಇನ್ನೊಂದು ಆಧಾರವಿದೆ. ಅಮೆರಿಕದ ಡಸ್ಟಿನ್ ಜೂಬರ್ಟ್ ಮತ್ತು ಗ್ಯಾರೆಟ್ ಜೋನ್ಸ್ ಏಳು ಕಂಪನಿ-ಮಾದರಿಗಳ ಕಾರ್ಬನ್ ಪ್ಲೇಟ್ ಶೂಗಳನ್ನು ಒಂದು ಸಾಮಾನ್ಯ ರೇಸಿಂಗ್ ಶೂ ಜೊತೆ ಹೋಲಿಸಿದರು; ವೇಗ ಗಂಟೆಗೆ 16 ಕಿ.ಮೀ. ನೈಕಿಯ ವೇಪರ್‌ಫ್ಲೈ ಮತ್ತು ಆಲ್ಫಾಫ್ಲೈ, ಏಸಿಕ್ಸ್‌ನ ಮೆಟಾಸ್ಪೀಡ್ ಸ್ಕೈ ಶೇ 3ರ ಸುತ್ತಮುತ್ತ ಲಾಭ ಕೊಟ್ಟವು. ಹೋಕಾ ಮತ್ತು ಬ್ರೂಕ್ಸ್ ಕಂಪನಿಗಳ ಅಂದಿನ ಮಾದರಿಗಳು ಸಾಮಾನ್ಯ ಶೂಗಿಂತ ಮೇಲು ಎಂದು ಹೇಳುವಂತಿರಲಿಲ್ಲ. ಏಳಕ್ಕೆ ಏಳರಲ್ಲೂ ಕಾರ್ಬನ್ ಪ್ಲೇಟ್ ಇತ್ತು! ಆ ಬಳಿಕ ಆ ಕಂಪನಿಗಳೂ ಫೋಮ್ ಬದಲಿಸಿವೆ, ಆದ್ದರಿಂದ ಹಳೆಯ ಪಟ್ಟಿ ಹಿಡಿದು ಇಂದಿನ ಶೂ ಕೊಳ್ಳುವಂತಿಲ್ಲ. ಪೆಟ್ಟಿಗೆಯ ಮೇಲಿನ 'ಕಾರ್ಬನ್ ಪ್ಲೇಟ್' ಎಂಬ ಪದ ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬ ಪಾಠ ಮಾತ್ರ ಹಳತಾಗಿಲ್ಲ.

ಪ್ರಯೋಗಾಲಯದ ಹೊರಗೆ ಏನಾಯಿತು? 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸ್ಟ್ರಾವಾ ಆ್ಯಪ್‌ನಲ್ಲಿ ದಾಖಲಾದ ಲಕ್ಷಾಂತರ ಓಟಗಳನ್ನು ಜಾಲಾಡಿ, ವೇಪರ್‌ಫ್ಲೈ ತೊಟ್ಟವರು ತಮ್ಮಂಥದೇ ಓಟಗಾರರಿಗಿಂತ ಶೇ 3ರಿಂದ 4ರಷ್ಟು ವೇಗವಾಗಿದ್ದರೆಂದು ಕಂಡಿತು. ಇದರಲ್ಲಿ ಒಂದು ತೊಡಕಿದೆ. ದುಬಾರಿ ಶೂ ಕೊಂಡವರು ಆ ಓಟಕ್ಕಾಗಿ ಹೆಚ್ಚು ತಯಾರಿ ಮಾಡಿಕೊಂಡವರೂ ಆಗಿರಬಹುದು. ಪತ್ರಿಕೆಯ ವಿಶ್ಲೇಷಕರು ಇದನ್ನು ಮರೆಯದೆ ನಾನಾ ಬಗೆಯಲ್ಲಿ ಹೋಲಿಸಿದ್ದರು. ಗಣ್ಯ ಮ್ಯಾರಥಾನ್ ಓಟಗಾರರ ಫೋಟೊ ನೋಡಿ ಶೂ ಗುರುತಿಸಿ ನಡೆಸಿದ ಮತ್ತೊಂದು ಅಧ್ಯಯನವೂ ಕೆಲವು ನಿಮಿಷಗಳ ಸುಧಾರಣೆಯನ್ನು ತೋರಿಸಿತು. ದಾಖಲೆಗಳ ಕಥೆ ಎಲ್ಲರಿಗೂ ಗೊತ್ತು. ಪೌಲಾ ರ್‍ಯಾಡ್‌ಕ್ಲಿಫ್ 2003ರಲ್ಲಿ ಲಂಡನ್‌ನಲ್ಲಿ ಸ್ಥಾಪಿಸಿದ 2:15:25ರ ದಾಖಲೆಯನ್ನು ಹದಿನಾರು ವರ್ಷ ಯಾರೂ ಮುಟ್ಟಿರಲಿಲ್ಲ. 2019ರಲ್ಲಿ ಷಿಕಾಗೊದಲ್ಲಿ ಬ್ರಿಜಿಡ್ ಕೊಸ್ಗೇ 2:14:04ಕ್ಕೆ ಅದನ್ನು ಮುರಿದರು. ನಾಲ್ಕೇ ವರ್ಷದಲ್ಲಿ ಬರ್ಲಿನ್‌ನಲ್ಲಿ ಟಿಗಿಸ್ಟ್ ಅಸೆಫಾ 2:11:53ಕ್ಕೆ ಇಳಿಸಿದರು. ಅವರ ಕಾಲಲ್ಲಿದ್ದ ಅಡಿಡಾಸ್ ಶೂವಿನ ತೂಕ 138 ಗ್ರಾಂ, ಬೆಲೆ 500 ಡಾಲರ್.

ಭಾರತದ ಚಿತ್ರ ಬೇರೆ. ಹಲವು ಸಲ ಬರಿಗಾಲಲ್ಲೇ ಓಡುತ್ತಿದ್ದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2:12:00ಕ್ಕೆ ಮ್ಯಾರಥಾನ್ ಮುಗಿಸಿದರು. ಪ್ಲೇಟ್ ಶೂ ಬಂದು ಎಷ್ಟೋ ವರ್ಷಗಳಾದ ಮೇಲೂ ಆ ರಾಷ್ಟ್ರೀಯ ದಾಖಲೆ ಉಳಿದೇ ಇತ್ತು. ತರಬೇತಿ, ಆಹಾರ, ಸ್ಪರ್ಧಾವಕಾಶ, ಎತ್ತರದ ಪ್ರದೇಶದ ಅಭ್ಯಾಸ ಇವೆಲ್ಲವನ್ನೂ ಬಿಟ್ಟು ಶೂ ಒಂದನ್ನೇ ಎಣಿಸುವವರು ಈ ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಗೆಂದು ಶೂ ಲೆಕ್ಕಕ್ಕಿಲ್ಲವೆಂದೂ ಅಲ್ಲ. 2020ರ ದೆಹಲಿ ಹಾಫ್ ಮ್ಯಾರಥಾನ್‌ನಲ್ಲಿ ಅವಿನಾಶ್ ಸಾಬ್ಳೆ 1:00:30ಕ್ಕೆ ಓಡಿದ್ದು ಈ ಶೂಗಳ ಕಾಲದಲ್ಲೇ.

ಸಾಮಾನ್ಯ ಓಟಗಾರರಿಗೆ ಅತ್ಯಂತ ಮುಖ್ಯವಾದ ಅಧ್ಯಯನ 2023ರದು. ಜೂಬರ್ಟ್ ತಂಡ ಈ ಸಲ ವೇಗ ಇಳಿಸಿ, ಗಂಟೆಗೆ 12 ಕಿ.ಮೀ. ಮತ್ತು 10 ಕಿ.ಮೀ.ಯಲ್ಲಿ ವೇಪರ್‌ಫ್ಲೈ ಪರೀಕ್ಷಿಸಿತು. ಅಂದರೆ ಕಿಲೋಮೀಟರಿಗೆ 5 ನಿಮಿಷ ಮತ್ತು 6 ನಿಮಿಷದ ಪೇಸ್. ನಮ್ಮಲ್ಲಿ ಬಹುಪಾಲು ಜನ ಓಡುವುದು ಇಲ್ಲೇ. ಸರಾಸರಿ ಲಾಭ ಶೇ 1.4ಕ್ಕೆ ಮತ್ತು ಶೇ 0.9ಕ್ಕೆ ಇಳಿಯಿತು. ಎಲ್ಲರಿಗೂ ಲಾಭವಾಗಲೂ ಇಲ್ಲ. ನಾಲ್ಕು ಗಂಟೆಯ ಮ್ಯಾರಥಾನ್ ಓಡುವವರಿಗೆ ಈ ಸರಾಸರಿ ಹಾಗೇ ದಕ್ಕಿತೆಂದುಕೊಂಡರೂ ಉಳಿಯುವುದು ಎರಡು ನಿಮಿಷದ ಆಸುಪಾಸು. ಮೊದಲ ಹತ್ತು ಕಿಲೋಮೀಟರನ್ನು ಹುಮ್ಮಸ್ಸಿನಲ್ಲಿ ಓಡಿಬಿಟ್ಟರೆ ಕೊನೆಯ ಹತ್ತರಲ್ಲಿ ಅದರ ಹಲವು ಪಟ್ಟು ಕಳೆದುಹೋಗುತ್ತದೆ.

ಏರಿಳಿತದ ಲೆಕ್ಕವೂ ಇದೆ. ಬೌಲ್ಡರ್‌ನ ವಿಜ್ಞಾನಿಗಳೇ ಮೂರು ಡಿಗ್ರಿ ಇಳಿಜಾರು ಕೊಟ್ಟು ಅಳೆದಾಗ, ಸಮತಟ್ಟಿನಲ್ಲಿ ಶೇ 3.8 ಇದ್ದ ಉಳಿತಾಯ ಏರಿನಲ್ಲೂ ಇಳಿತದಲ್ಲೂ ಶೇ 2.8ರ ಹತ್ತಿರಕ್ಕೆ ತಗ್ಗಿತು. ಬೆಂಗಳೂರಿನ ಅಥವಾ ಮಂಗಳೂರಿನ ರಸ್ತೆಯಲ್ಲಿ ಓಡುವವರು ಬರ್ಲಿನ್‌ನ ಅಂಕಿಯನ್ನು ಇಲ್ಲಿಗೆ ತಂದುಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ಸರಾಸರಿಯ ಹಿಂದೆ ಎಂಥ ವ್ಯತ್ಯಾಸ ಅಡಗಿರಬಹುದು ಎಂಬುದನ್ನು ಮೆಲಾನಿ ನಾಪ್ ಮತ್ತು ಯಾನಿಸ್ ಪಿಟ್ಸಿಲಾಡಿಸ್ ಮುಂತಾದವರ ಅಧ್ಯಯನ ತೋರಿಸಿತು. ಅವರು ಪರೀಕ್ಷಿಸಿದ್ದು ಏಳು ಮಂದಿ ವಿಶ್ವಮಟ್ಟದ ಕೀನ್ಯಾ ಓಟಗಾರರನ್ನು ಮತ್ತು ಯುರೋಪಿನ ಏಳು ಮಂದಿ ಹವ್ಯಾಸಿಗಳನ್ನು. ಕೀನ್ಯಾದವರಲ್ಲಿ ಕೆಲವು ಶೂ ಕೆಲವರಿಗೆ ಶೇ 11ರಷ್ಟು ಲಾಭ ಕೊಟ್ಟರೆ, ಮತ್ತೆ ಕೆಲವರಿಗೆ ಸರಿಸುಮಾರು ಅಷ್ಟೇ ನಷ್ಟ ಮಾಡಿದವು. ಸಣ್ಣ ಗುಂಪು, ಅಳತೆಯ ಏರುಪೇರೂ ಅದರಲ್ಲಿ ಸೇರಿರುತ್ತದೆ. ಆದರೂ ಗೆಳೆಯನ ಕಾಲಿಗೆ ಒಗ್ಗಿದ ಶೂ ತನಗೂ ಒಗ್ಗುತ್ತದೆ ಎಂಬ ನಂಬಿಕೆಗೆ ಇದರ ನಂತರ ಹೆಚ್ಚು ಜಾಗ ಉಳಿಯಲಿಲ್ಲ. ಕಂಪನಿಗಳೂ ಇದನ್ನು ಬಲ್ಲವು. ಏಸಿಕ್ಸ್ 2021ರಲ್ಲಿ ಮೆಟಾಸ್ಪೀಡ್ ಶೂವನ್ನು ಎರಡು ಬಗೆಯಾಗಿ ತಂದಿತು. ವೇಗ ಹೆಚ್ಚಿಸಲು ಹೆಜ್ಜೆ ಉದ್ದ ಮಾಡುವವರಿಗೆ ಸ್ಕೈ, ಹೆಜ್ಜೆಗಳ ಸಂಖ್ಯೆ ಏರಿಸುವವರಿಗೆ ಎಡ್ಜ್.

ಇಷ್ಟು ಹೇಳಿದ್ದು ಸ್ಪರ್ಧೆಯ ಮಾತು. ವೇಗದ ಅಭ್ಯಾಸಕ್ಕೆ ಬಂದರೆ ಅಳತೆಗೋಲೇ ಬದಲಾಗಬೇಕು, ಆದರೆ ಬಹಳ ಮಂದಿ ಅದನ್ನು ಬದಲಿಸುವುದಿಲ್ಲ. ಸ್ಪರ್ಧೆಯಲ್ಲಿ ಕಾಲಿನ ಕೆಲಸ ಹಗುರವಾಗಬೇಕು. ಅಭ್ಯಾಸದಲ್ಲಿ ಕಾಲು ಕೆಲಸ ಮಾಡಲೇಬೇಕು, ಮಾರನೆಯ ದಿನವೂ ಓಡುವ ಸ್ಥಿತಿಯಲ್ಲಿ ಉಳಿಯಬೇಕು. ವಾರಕ್ಕೆ ಒಂದು ಟೆಂಪೊ ರನ್, ಒಂದು ಇಂಟರ್ವಲ್, ಕೊನೆಗೆ ಪೇಸ್ ಏರಿಸುವ ಒಂದು ಲಾಂಗ್ ರನ್ ಇರುವ ಓಟಗಾರರಿಗೆ ಬೇಕಾದದ್ದು ತಿರುವಿನಲ್ಲಿ ಹಿಮ್ಮಡಿ ಓಲಾಡದ, ಒದ್ದೆ ರಸ್ತೆಯಲ್ಲಿ ಜಾರದ, ನಿಧಾನವಾಗಿ ವಾರ್ಮಪ್ ಮಾಡುವಾಗಲೂ ಕಾಡದ ಶೂ. ಅಪ್ಪಟ ರೇಸಿಂಗ್ ಶೂ ಈ ಮೂರರಲ್ಲೂ ಎಡವುವುದು ಹೆಚ್ಚು. ಅದರ ಹಿಮ್ಮಡಿ ಕಿರಿದು, ತೂಕ ಉಳಿಸಲು ರಬ್ಬರ್ ತೆಳು, ಆಕಾರ ವೇಗದ ಹೆಜ್ಜೆಗೆಂದೇ ಮಾಡಿದ್ದು.

ಈ ಕೊರತೆಯನ್ನು ತುಂಬಲು ಬಂದ ಶೂಗಳಲ್ಲಿ ಸೌಕೊನಿಯ ಎಂಡಾರ್ಫಿನ್ ಸ್ಪೀಡ್ ಒಳ್ಳೆಯ ಉದಾಹರಣೆ. 2020ರಲ್ಲಿ ಬಂದ ಅದರಲ್ಲಿ ರೇಸಿಂಗ್ ಶೂವಿನ ಪೆಬಾ ಫೋಮೇ ಇತ್ತು, ಆದರೆ ಪ್ಲೇಟ್ ಕಾರ್ಬನ್ನಿನ ಬದಲು ಬಾಗುವ ನೈಲಾನ್. ಅಡಿಡಾಸ್ ಬೋಸ್ಟನ್‌ನಲ್ಲಿ ಗಾಜಿನ ನಾರಿನ ಕಡ್ಡಿಗಳು ಬಂದವು. ಆಮೇಲೆ ಬಂದ ಅಡಿಜೀರೊ ಇವೊ ಎಸ್‌ಎಲ್, ಏಸಿಕ್ಸ್ ಸೂಪರ್‌ಬ್ಲಾಸ್ಟ್ ಪ್ಲೇಟನ್ನೇ ಬಿಟ್ಟು ಒಳ್ಳೆಯ ಫೋಮನ್ನಷ್ಟೇ ಉಳಿಸಿಕೊಂಡವು. ಕತ್ತರಿಸಿದ ಪ್ಲೇಟಿನ ಪ್ರಯೋಗ ಹೇಳಿದ್ದನ್ನೇ ಮಾರುಕಟ್ಟೆಯೂ ತಡವಾಗಿ ಒಪ್ಪಿಕೊಂಡಂತಾಯಿತು. ವಾರದ ವೇಗದ ಓಟಗಳಿಗೆ ಈ ಬಗೆಯ ಶೂ ಸಾಕು. ಸಾಕು ಅಷ್ಟೇ ಅಲ್ಲ, ಬಹುಪಾಲು ಜನರಿಗೆ ಅದೇ ಮೇಲು.

ಗಾಯದ ವಿಷಯದಲ್ಲಿ ಎಚ್ಚರ ಬೇಕು, ಭಯ ಬೇಡ. 2023ರಲ್ಲಿ ಆ್ಯಡಮ್ ಟೆನ್‌ಫೋರ್ಡ್ ಮತ್ತು ಇತರ ವೈದ್ಯರು ಪ್ಲೇಟ್ ಶೂ ಬಳಸುತ್ತಿದ್ದ ಐವರು ಓಟಗಾರರ ಪಾದದ ನ್ಯಾವಿಕ್ಯುಲರ್ ಮೂಳೆಗೆ ಆದ ಒತ್ತಡದ ಗಾಯಗಳನ್ನು ವರದಿ ಮಾಡಿದರು. ಐದು ಪ್ರಕರಣದಿಂದ ಶೂವೇ ಕಾರಣ ಎಂದು ಸಾಬೀತಾಗುವುದಿಲ್ಲ, ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ಬೆರಳಿನ ಬುಡದ ಕೀಲು ಬಾಗದಿದ್ದರೆ ಆ ಹೊರೆ ಪಾದದಲ್ಲಿ ಬೇರೆಲ್ಲೋ ಬೀಳುತ್ತದೆ. ಈ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಗಾಯ ಮಾಯಲು ಬಹಳ ಕಾಲ ಹಿಡಿಯುತ್ತದೆ. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸಿ ಈ ಶೂಗಳಿಗೆ ಒಗ್ಗಿಕೊಳ್ಳಿ ಎಂಬುದು ಅವರ ಸಲಹೆ. ಸ್ಪರ್ಧೆಯ ಬೆಳಿಗ್ಗೆಯೇ ಹೊಸ ಪೆಟ್ಟಿಗೆ ಬಿಚ್ಚುವವರು ಈ ಸಲಹೆಯ ನೇರ ವಿರುದ್ಧ ದಿಕ್ಕಿನಲ್ಲಿದ್ದಾರೆ. ಪಾದದ ಮೇಲ್ಭಾಗದಲ್ಲಿ ಒಂದೇ ಕಡೆ ಒತ್ತಿದರೆ ನೋಯುವುದು ಕಂಡರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಒಬ್ಬ ಓಟಗಾರ ತನ್ನ ಕಾಲಿಗೆ ಶೂ ಒಗ್ಗಿತೇ ಎಂದು ಹೇಗೆ ತಿಳಿಯಬೇಕು? ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಜಿಗಿದು ನೋಡಿದರೆ ತಿಳಿಯುವುದು ಮೆತ್ತಗಿದೆಯೇ ಎಂಬುದು ಮಾತ್ರ. ಪ್ರಯೋಗಾಲಯದವರು ಎರಡು ಶೂಗಳನ್ನು ಮೊದಲು ಒಂದು, ಆಮೇಲೆ ಇನ್ನೊಂದು, ಮತ್ತೆ ಅದೇ ಎರಡನೆಯದು, ಕೊನೆಗೆ ಮೊದಲಿನದು ಎಂಬ ಕ್ರಮದಲ್ಲಿ ಪರೀಕ್ಷಿಸುತ್ತಾರೆ. ದಣಿವಿನ ಪರಿಣಾಮ ಎರಡಕ್ಕೂ ಸಮನಾಗಿ ಹಂಚಿಹೋಗಲಿ ಎಂಬುದು ಅದರ ಉದ್ದೇಶ. ಇದನ್ನು ಯಾರು ಬೇಕಾದರೂ ಮಾಡಬಹುದು. ಕಂಠೀರವದಂಥ ಟ್ರ್ಯಾಕೋ ಸಮತಟ್ಟಾದ ಒಂದು ಕಿಲೋಮೀಟರ್ ರಸ್ತೆಯೋ ಇದ್ದರೆ, ಬಿಸಿಲೇರುವ ಮುನ್ನ, ಸ್ಪರ್ಧೆಯ ಪೇಸ್‌ನಲ್ಲಿ ಆ ಕ್ರಮದಲ್ಲೇ ಓಡಿ ಹೃದಯ ಬಡಿತ ಬರೆದಿಟ್ಟುಕೊಳ್ಳುವುದು. ಬೇರೆ ಬೇರೆ ವಾರಗಳಲ್ಲಿ ಎರಡು ಮೂರು ಸಲ ಒಂದೇ ಉತ್ತರ ಬಂದರೆ ಅದಕ್ಕೆ ಬೆಲೆಯಿದೆ. ಒಂದೇ ಸಲ ಬಂದ ಉತ್ತರಕ್ಕೆ ಇಲ್ಲ, ಏಕೆಂದರೆ ದಿನದಿಂದ ದಿನಕ್ಕೆ ದೇಹದಲ್ಲಾಗುವ ಏರುಪೇರೇ ಶೂವಿನ ಲಾಭದಷ್ಟಿರುತ್ತದೆ. ಅದಕ್ಕಿಂತಲೂ ಹೆಚ್ಚು ಹೇಳುವುದು ಲಾಂಗ್ ರನ್‌ನ ಕೊನೆಯ ಭಾಗ. ದಣಿದ ಕಾಲಿಗೆ ಶೂ ಸ್ಥಿರವಾಗಿ ಕೂರುತ್ತದೆಯೇ, ಮರುದಿನ ಮೀನಖಂಡ ಬಿಗಿದುಕೊಂಡಿದೆಯೇ, ಹೆಬ್ಬೆರಳಿನ ಬುಡ ನೋಯುತ್ತಿದೆಯೇ?

ಬಾಳಿಕೆಯನ್ನೂ ಎಣಿಸಬೇಕು. ಸ್ಪೇನ್‌ನ ವಿಜ್ಞಾನಿಗಳು ಪೆಬಾ ಮತ್ತು ಇವಿಎ ಶೂಗಳನ್ನು ಹೊಸದಾಗಿದ್ದಾಗ ಒಮ್ಮೆ, 450 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ಹೊಸ ಪೆಬಾ ಸ್ಪಷ್ಟವಾಗಿ ಮೇಲಿತ್ತು, ಹಳೆಯ ಪೆಬಾ ತನ್ನ ಮೇಲುಗೈ ಕಳೆದುಕೊಂಡಿತ್ತು. ಅಂದರೆ ದುಬಾರಿ ಶೂವನ್ನು ವಾರವಿಡೀ ತೊಟ್ಟು ಓಡುವವರು ಸ್ಪರ್ಧೆಯ ದಿನಕ್ಕೆಂದು ಕೊಂಡ ಲಾಭವನ್ನು ಅಭ್ಯಾಸದಲ್ಲೇ ಸವೆಸಿಬಿಡುತ್ತಾರೆ. ಡೆಕಾಥ್ಲಾನ್ 2022ರಲ್ಲಿ ಕಿಪ್ರನ್ ಕೆಡಿ900ಎಕ್ಸ್ ತಂದ ಮೇಲೆ ಪೆಬಾ ಫೋಮ್, ಕಾರ್ಬನ್ ಪ್ಲೇಟ್ ಎರಡೂ ಇರುವ ಶೂ ಸ್ವಲ್ಪ ಕಡಿಮೆ ಬೆಲೆಗೂ ಸಿಗುವಂತಾಯಿತು. ಅದಾದರೂ ದಿನಬಳಕೆಯ ಶೂ ಅಲ್ಲ. ಸ್ಪರ್ಧೆಗೆ ಮುನ್ನ ಎರಡು ಮೂರು ಓಟ ಅದರಲ್ಲಿ ಆಗಬೇಕು, ಒಂದಾದರೂ ಸ್ಪರ್ಧೆಯ ಪೇಸ್‌ನಲ್ಲಿ ದೀರ್ಘವಾಗಿರಬೇಕು. ಉಳಿದ ಕಿಲೋಮೀಟರುಗಳನ್ನು ನೈಲಾನ್ ಪ್ಲೇಟಿನದೋ ಪ್ಲೇಟೇ ಇಲ್ಲದ್ದೋ ಆದ ಶೂ ಹೊರಲಿ. ಕಿಲೋಮೀಟರಿಗೆ 6 ನಿಮಿಷಕ್ಕಿಂತ ನಿಧಾನವಾಗಿ ಓಡುವವರು ಸದ್ಯಕ್ಕೆ ಆ ಎರಡನೆಯ ಜೋಡಿಯೊಂದನ್ನೇ ಕೊಂಡರೂ ನಷ್ಟವಿಲ್ಲ.